ಉಚಿತ ವಿದ್ಯುತ್ತೋ, ಸ್ವಂತ ವಿದ್ಯುತ್ತೋ? ಮನೆಯ ತಾರಸಿಯ ಸೌರಶಕ್ತಿ ಕುರಿತು ಒಂದು ವಿಚಾರ

ಕಳೆದ ಕೆಲವು ವರ್ಷಗಳಲ್ಲಿ ಕನ್ನಡ ನಾಡಿನ ಮನೆಗಳ ಮುಂದೆ ವಿದ್ಯುತ್ತಿಗೆ ಸಂಬಂಧಿಸಿದ ಎರಡು ಯೋಜನೆಗಳು ಬಂದು ನಿಂತಿವೆ. ಒಂದು ರಾಜ್ಯ ಸರ್ಕಾರದ ಗೃಹಜ್ಯೋತಿ. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಇದಕ್ಕೆ ಚಾಲನೆ ದೊರೆಯಿತು. ಇನ್ನೊಂದು ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆ. 2024ರ ಫೆಬ್ರವರಿ 29ರಂದು ಕೇಂದ್ರ ಸಚಿವ ಸಂಪುಟ 75,021 ಕೋಟಿ ರೂಪಾಯಿಗಳ ಈ ಯೋಜನೆಗೆ ಒಪ್ಪಿಗೆ ನೀಡಿತು. ದೇಶದ ಒಂದು ಕೋಟಿ ಮನೆಗಳ ಮೇಲೆ ಸೌರಫಲಕಗಳನ್ನು ಅಳವಡಿಸುವುದು ಅದರ ಗುರಿ. ಎರಡೂ ಯೋಜನೆಗಳು ‘ಉಚಿತ ವಿದ್ಯುತ್’ ಎಂಬ ಮಾತನ್ನೇ ಮುಂದಿಟ್ಟಿವೆ. ಆದರೆ ಎರಡರ ಸ್ವಭಾವ ಒಂದೇ ಅಲ್ಲ.

“ಬಿಲ್ಲೇ ಬಾರದಿರುವಾಗ ಸೋಲಾರ್ ಏಕೆ ಹಾಕಿಸಬೇಕು?” ಎಂದು ಕೆಲವರು ಕೇಳುತ್ತಾರೆ. “ಸರ್ಕಾರವೇ ಹಣ ಕೊಡುತ್ತಿರುವಾಗ ಏಕೆ ಬಿಡಬೇಕು?” ಎಂದು ಇನ್ನು ಕೆಲವರು ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಇವುಗಳಿಗೆ ಉತ್ತರವನ್ನು ಪಕ್ಷದ ಅಭಿಮಾನದಿಂದಾಗಲಿ, ಮಾರಾಟಗಾರರ ಜಾಹೀರಾತಿನಿಂದಾಗಲಿ ಪಡೆಯಬಾರದು. ಮನೆಯ ಬಳಕೆ, ಮನೆಯ ಛಾವಣಿ ಮತ್ತು ಮನೆಯ ಆದಾಯ ಈ ಮೂರನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕಬೇಕು. ಸದ್ಭಕ್ತರ ಮುಂದೆ ಆ ಲೆಕ್ಕವನ್ನು ಬಿಡಿಸಿಡುವುದು ಈ ಬರಹದ ಮೊದಲ ಉದ್ದೇಶ. ಎರಡು ಸರ್ಕಾರಗಳ ಎರಡು ಯೋಜನೆಗಳು ಒಂದಕ್ಕೊಂದು ಅಡ್ಡವಾಗದೆ ಬಡವರ ಮನೆಗೆ ಶಾಶ್ವತ ಆಸ್ತಿಯಾಗಿ ಕೂಡಿಬರುವ ದಾರಿಯೊಂದಿದೆಯೇ ಎಂದು ನೋಡುವುದು ಎರಡನೆಯದು.

ಹರಿದು ಬರುವ ನೀರು, ಮನೆಯಂಗಳದ ಬಾವಿ

ಗೃಹಜ್ಯೋತಿಯ ನಿಯಮ ಸರಳವಾಗಿದೆ. 2022-23ನೇ ಸಾಲಿನಲ್ಲಿ ಒಂದು ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇ 10ರಷ್ಟನ್ನು ಸೇರಿಸಿ ಆ ಮನೆಯ ಅರ್ಹತೆಯನ್ನು ನಿಗದಿ ಮಾಡಲಾಯಿತು. ಬಹಳ ಕಡಿಮೆ ಬಳಸುವ ಮನೆಗಳಿಗೆ ಆಮೇಲೆ ಶೇಕಡಾವಾರಿನ ಬದಲು 10 ಯೂನಿಟ್ ಹೆಚ್ಚುವರಿಯಾಗಿ ಕೊಡಲಾಯಿತು. ಅರ್ಹತೆಯೊಳಗೆ ಬಳಸಿದರೆ ಶೂನ್ಯ ಬಿಲ್ಲು. ಅರ್ಹತೆಯನ್ನು ಮೀರಿ 200 ಯೂನಿಟ್‌ವರೆಗೆ ಬಳಸಿದರೆ ಮೀರಿದ ಭಾಗಕ್ಕೆ ಮಾತ್ರ ಹಣ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ಬಾಡಿಗೆ ಮನೆಯವರಿಗೂ ಇದರ ಲಾಭ ದೊರೆಯುತ್ತದೆ.

ಸೂರ್ಯಘರ್ ಯೋಜನೆಯ ನಿಯಮ ಬೇರೆ. ಅಲ್ಲಿ ಸರ್ಕಾರ ವಿದ್ಯುತ್ತನ್ನು ಕೊಡುವುದಿಲ್ಲ, ವಿದ್ಯುತ್ ಉತ್ಪಾದಿಸುವ ಸಾಧನಕ್ಕೆ ಸಹಾಯಧನ ಕೊಡುತ್ತದೆ. ಒಂದು ಕಿಲೋವ್ಯಾಟ್ ಘಟಕಕ್ಕೆ 30,000 ರೂಪಾಯಿ, ಎರಡು ಕಿಲೋವ್ಯಾಟ್‌ಗೆ 60,000 ರೂಪಾಯಿ, ಮೂರು ಕಿಲೋವ್ಯಾಟ್ ಹಾಗೂ ಅದಕ್ಕಿಂತ ದೊಡ್ಡ ಘಟಕಕ್ಕೆ 78,000 ರೂಪಾಯಿ. ಉಳಿದ ಹಣವನ್ನು ಮನೆಯವರೇ ಹಾಕಬೇಕು. ಮೂರು ಕಿಲೋವ್ಯಾಟ್‌ವರೆಗಿನ ಘಟಕಕ್ಕೆ ಒತ್ತೆಯಿಲ್ಲದ ಸಾಲದ ವ್ಯವಸ್ಥೆಯೂ ಇದೆ. ಯೋಜನೆ ಆರಂಭವಾದಾಗ ಅದರ ಬಡ್ಡಿ ಸುಮಾರು ಶೇ 7ರಷ್ಟಿತ್ತು. 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಮೇಲಿನ ಜಿಎಸ್‌ಟಿಯನ್ನು ಶೇ 12ರಿಂದ ಶೇ 5ಕ್ಕೆ ಇಳಿಸಿದ್ದರಿಂದ ಬೆಲೆಯ ಭಾರವೂ ಸ್ವಲ್ಪ ತಗ್ಗಿದೆ.

ಒಂದು ಯೋಜನೆ ಮನೆಯ ಮುಂದೆ ಹರಿದು ಬರುವ ಕಾಲುವೆಯ ನೀರಿನಂತೆ. ಮೇಲಿನಿಂದ ಬಿಡುವವರೆಗೆ ಬರುತ್ತದೆ. ಪ್ರತಿವರ್ಷ ಆಯವ್ಯಯದಲ್ಲಿ ಅದಕ್ಕೆ ಹಣ ಒದಗಬೇಕು. ಇನ್ನೊಂದು ಅಂಗಳದ ಬಾವಿಯಂತೆ. ತೋಡಲು ಖರ್ಚಿದೆ, ಕಾಪಾಡುವ ಹೊಣೆಯಿದೆ. ಆದರೆ ತೋಡಿದ ಮೇಲೆ ಅದು ಮನೆಯದು. ಸೌರಫಲಕಗಳ ಬಾಳಿಕೆಯನ್ನು ಸಾಮಾನ್ಯವಾಗಿ 25 ವರ್ಷ ಎಂದು ಎಣಿಸುತ್ತಾರೆ. ಬಾಯಾರಿದವನು ಕಾಲುವೆಯ ನೀರು ಕುಡಿದರೆ ತಪ್ಪೇನಿಲ್ಲ. ಬಾವಿ ತೋಡಲು ಶಕ್ತಿಯಿರುವವನು ಕಾಲುವೆಯನ್ನೇ ನಂಬಿ ಕುಳಿತರೆ ಮಾತ್ರ ಯೋಚಿಸಬೇಕಾಗುತ್ತದೆ.

ಮುಂದಿದ್ದ ನಾಡು ಹಿಂದುಳಿದದ್ದು ಹೇಗೆ?

ವಿದ್ಯುತ್ತಿನ ವಿಷಯದಲ್ಲಿ ನಮ್ಮ ನಾಡು ಹಿಂದಿನಿಂದಲೂ ಮುಂಚೂಣಿಯಲ್ಲಿದೆ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಮನೆಯ ಸೌರದೀಪದ ವಿಷಯದಲ್ಲೂ ಹಾಗೆಯೇ. 1995ರಲ್ಲಿ ಹರೀಶ್ ಹಂದೆ ಅವರು ಸಹಸ್ಥಾಪಕರಾಗಿ ಆರಂಭಿಸಿದ ಸೆಲ್ಕೊ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಬ್ಯಾಟರಿ ಸಹಿತ ಸೌರದೀಪಗಳನ್ನು ಮನೆಮನೆಗೆ ಮುಟ್ಟಿಸಿತು. ಈ ಸೇವೆಗಾಗಿ ಹಂದೆ ಅವರಿಗೆ 2011ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ನಮ್ಮ ನೆಲದಲ್ಲೇ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆಗೂಡಿ ಸೌರ ಸಾಲ ಯೋಜನೆಯನ್ನು ನಡೆಸಿತು. ತಿಂಗಳ ಸಂಬಳವಿಲ್ಲದ ಕುಟುಂಬಗಳೂ ತಮ್ಮ ದುಡಿಮೆಗೆ ಹೊಂದುವ ಕಂತುಗಳಲ್ಲಿ ಸಾಲ ತೀರಿಸಿ ದೀಪವನ್ನು ಸ್ವಂತ ಮಾಡಿಕೊಳ್ಳಬಲ್ಲವು ಎಂಬುದು ಆ ಕಾಲದಲ್ಲೇ ಸಿದ್ಧವಾಗಿತ್ತು.

ದೊಡ್ಡ ಸೌರ ಉದ್ಯಾನಗಳ ಮಾತು ಬಂದರೆ ತುಮಕೂರು ಜಿಲ್ಲೆಯ ಪಾವಗಡವನ್ನು ಎಲ್ಲರೂ ಬಲ್ಲರು. ಬರದ ನಾಡಿನ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟ್ ಸಾಮರ್ಥ್ಯದ ಉದ್ಯಾನವನ್ನು ಅಲ್ಲಿ ಕಟ್ಟಲಾಗಿದೆ. ಭೂಮಿಯ ಒಡೆತನ ರೈತನಲ್ಲೇ ಉಳಿದು ವರ್ಷಕ್ಕೊಮ್ಮೆ ಗುತ್ತಿಗೆ ಹಣ ಬರುವ ಏರ್ಪಾಡು ಅದು.

ಇಷ್ಟಾದರೂ ಮನೆಯ ತಾರಸಿಯ ಸೌರಘಟಕಗಳಲ್ಲಿ ನಾವು ಹಿಂದಿದ್ದೇವೆ. ಸೂರ್ಯಘರ್ ಯೋಜನೆಯಲ್ಲಿ ಗುಜರಾತ್, ಮಹಾರಾಷ್ಟ್ರ, ಉತ್ತರ ಪ್ರದೇಶ, ಕೇರಳ ಮುಂದೆ ಸಾಗಿವೆ. ಮಳೆ ಹೆಚ್ಚು, ಬಿಸಿಲು ನಮಗಿಂತ ಕಡಿಮೆ ಇರುವ ಕೇರಳವೂ ನಮ್ಮನ್ನು ಹಿಂದೆ ಹಾಕಿದೆ. ವಿಜಯಪುರ, ಕಲಬುರಗಿ, ರಾಯಚೂರು, ಕೊಪ್ಪಳಗಳ ಬಿಸಿಲನ್ನು ಕಂಡವರಿಗೆ ಇದು ವಿಚಿತ್ರವೆನಿಸಬಹುದು. ಕಾರಣ ಬಿಸಿಲಿನಲ್ಲಿಲ್ಲ, ಬಿಲ್ಲಿನಲ್ಲಿದೆ. ಕೇರಳದ ಮಧ್ಯಮ ವರ್ಗದ ಮನೆಗೆ ಪ್ರತಿಸಲವೂ ದೊಡ್ಡ ಬಿಲ್ಲು ಬರುತ್ತದೆ. ಅದನ್ನು ಇಳಿಸಿಕೊಳ್ಳಲು ಆ ಮನೆಯವರು ತಾರಸಿಯ ಕಡೆ ನೋಡುತ್ತಾರೆ. ನಮ್ಮಲ್ಲಿ ಹೆಚ್ಚಿನ ಮನೆಗಳ ಬಿಲ್ಲು ಶೂನ್ಯ. ಶೂನ್ಯದಿಂದ ಉಳಿಸುವುದು ಏನೂ ಇಲ್ಲ.

ಯಾರಿಗೆ ಲಾಭ? ಒಂದು ಲೆಕ್ಕ

ನಮ್ಮ ರಾಜ್ಯದ ಬಿಸಿಲಿಗೆ ಒಂದು ಕಿಲೋವ್ಯಾಟ್ ಘಟಕವು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್, ಅಂದರೆ ತಿಂಗಳಿಗೆ ಸುಮಾರು 120 ಯೂನಿಟ್ ಉತ್ಪಾದಿಸುತ್ತದೆ. ಬೇಸಿಗೆಯಲ್ಲಿ ಇದು ಹೆಚ್ಚು, ಮುಂಗಾರಿನ ಮೋಡದಲ್ಲಿ ಕಡಿಮೆ, ಮಲೆನಾಡು ಮತ್ತು ಕರಾವಳಿಯಲ್ಲಿ ಆ ಇಳಿಕೆ ಇನ್ನೂ ಹೆಚ್ಚು. ಒಂದು ಕಿಲೋವ್ಯಾಟ್‌ಗೆ ನೆರಳು ಬೀಳದ ಸುಮಾರು 100 ಚದರಡಿ ಜಾಗ ಬೇಕು.

ಮೊದಲು 70 ಯೂನಿಟ್ ಬಳಸುವ ಮನೆಯನ್ನು ನೋಡೋಣ. ಎರಡು ಫ್ಯಾನು, ನಾಲ್ಕು ದೀಪ, ಒಂದು ಟಿ.ವಿ., ಒಂದು ಮಿಕ್ಸಿ ಇರುವ ಮನೆ. ಗೃಹಜ್ಯೋತಿಯಲ್ಲಿ ಇದರ ಬಿಲ್ಲು ಶೂನ್ಯ. ಇಂದಿನ ಸ್ಥಿತಿಯಲ್ಲಿ ಈ ಮನೆಯವರು ಸಾಲ ಮಾಡಿ ಸೌರಘಟಕ ಹಾಕಿಸಿದರೆ ತಿಂಗಳ ಕಂತು ಹೊಸದಾಗಿ ಬರುತ್ತದೆ, ಉಳಿತಾಯ ಏನೂ ಬರುವುದಿಲ್ಲ. ಇಂತಹ ಮನೆಗೆ ಯಾರಾದರೂ ಬಂದು “ಹಾಕಿಸಿರಿ, ಲಾಭವಿದೆ” ಎಂದರೆ ಆ ಮಾತನ್ನು ನಂಬಬೇಕಾಗಿಲ್ಲ.

ಇನ್ನು 250 ಯೂನಿಟ್ ಬಳಸುವ ಮನೆ. ಫ್ರಿಜ್ಜು, ನೀರೆತ್ತುವ ಮೋಟರು, ಬಿಸಿನೀರಿನ ಗೀಸರು, ಪ್ರಾಯಶಃ ಒಂದು ಎ.ಸಿ. ಈ ಮನೆ 200ರ ಗಡಿ ದಾಟಿದ್ದರಿಂದ ಎಲ್ಲ 250 ಯೂನಿಟ್‌ಗೂ ಹಣ ತೆರುತ್ತದೆ. ಯೂನಿಟ್‌ಗೆ ಆರು ರೂಪಾಯಿಯಂತೆ ಹಿಡಿದರೆ 1,500 ರೂಪಾಯಿ. ಅದರ ಮೇಲೆ ನಿಗದಿತ ಶುಲ್ಕ, ತೆರಿಗೆ. ಎರಡು ಕಿಲೋವ್ಯಾಟ್ ಘಟಕ ತಿಂಗಳಿಗೆ ಸುಮಾರು 240 ಯೂನಿಟ್ ಕೊಟ್ಟರೆ 1,440 ರೂಪಾಯಿಯಷ್ಟು ಉಳಿಯುತ್ತದೆ, ವರ್ಷಕ್ಕೆ 17,000 ರೂಪಾಯಿಗಿಂತ ಹೆಚ್ಚು. ಘಟಕದ ಬೆಲೆ 1,40,000 ರೂಪಾಯಿ ಎಂದಿಟ್ಟುಕೊಂಡರೆ 60,000 ರೂಪಾಯಿ ಸಹಾಯಧನ ಕಳೆದು ಮನೆಯವರ ಪಾಲು 80,000 ರೂಪಾಯಿ. ಐದು ವರ್ಷದೊಳಗೆ ಹಾಕಿದ ಹಣ ಹಿಂದಿರುಗಿತು. ಅದೇ 80,000 ರೂಪಾಯಿಯನ್ನು ಶೇ 7ರ ಬಡ್ಡಿಗೆ ಏಳು ವರ್ಷದ ಸಾಲವಾಗಿ ಪಡೆದರೆ ತಿಂಗಳ ಕಂತು ಸುಮಾರು 1,200 ರೂಪಾಯಿ. ಉಳಿತಾಯವೇ ಕಂತನ್ನು ತೀರಿಸುತ್ತದೆ. ಇಲ್ಲಿ ಎರಡು ಎಚ್ಚರಿಕೆಗಳನ್ನು ಮರೆಯಬಾರದು. ನಿಗದಿತ ಶುಲ್ಕ ಸೌರಘಟಕ ಹಾಕಿಸಿದ ಮೇಲೂ ಇರುತ್ತದೆ. ಸಹಾಯಧನವು ಘಟಕ ಕಾರ್ಯಾರಂಭ ಮಾಡಿದ ಬಳಿಕ ಬರುವುದರಿಂದ ಮೊದಲಿಗೆ ಪೂರ್ತಿ ಹಣವನ್ನು ಹೊಂದಿಸಬೇಕು.

ಇವೆರಡರ ನಡುವೆ, 200ರ ಗಡಿಯ ಆಸುಪಾಸಿನಲ್ಲಿರುವ ಮನೆಗಳಿವೆ. ಇವರು ತಾರಸಿ ನೋಡುವ ಮೊದಲು ಮನೆಯೊಳಗೆ ನೋಡಬೇಕು. 75 ವ್ಯಾಟ್‌ನ ಹಳೆಯ ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗಿದರೆ ಮುಕ್ಕಾಲು ಯೂನಿಟ್ ನುಂಗುತ್ತದೆ. 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನು ಅಷ್ಟೇ ಹೊತ್ತಿಗೆ 0.3 ಯೂನಿಟ್ ಮಾತ್ರ ಬಳಸುತ್ತದೆ. ಒಂದು ಫ್ಯಾನಿನಿಂದಲೇ ತಿಂಗಳಿಗೆ 13 ಯೂನಿಟ್ ಉಳಿತಾಯ. ಗೀಸರಿನ ಬದಲು ತಾರಸಿಯ ಮೇಲೆ ಸೌರ ನೀರು ಕಾಯಿಸುವ ಸಾಧನ ಇಟ್ಟರೆ ಉಳಿತಾಯ ಇನ್ನೂ ದೊಡ್ಡದು. ದುಂದನ್ನು ನಿಲ್ಲಿಸದೆ ಉತ್ಪಾದನೆಯನ್ನು ಹೆಚ್ಚಿಸುವುದು ತೂತಿನ ಕೊಡಕ್ಕೆ ನೀರು ಸುರಿದಂತೆ.

ಕೆಲವು ತಪ್ಪು ತಿಳಿವಳಿಕೆಗಳು

ಮೊದಲನೆಯ ತಪ್ಪು ತಿಳಿವಳಿಕೆ: ಸೋಲಾರ್ ಹಾಕಿಸಿದರೆ ಕರೆಂಟು ಹೋದಾಗಲೂ ಮನೆ ಬೆಳಗುತ್ತದೆ ಎಂಬುದು. ಸೂರ್ಯಘರ್ ಯೋಜನೆಯಲ್ಲಿ ಸಾಮಾನ್ಯವಾಗಿ ಅಳವಡಿಸುವುದು ವಿದ್ಯುತ್ ಜಾಲಕ್ಕೆ ಜೋಡಿಸಿದ ಘಟಕ. ಅದರಲ್ಲಿ ಬ್ಯಾಟರಿ ಇರುವುದಿಲ್ಲ. ಜಾಲದಲ್ಲಿ ಕರೆಂಟು ಹೋದ ಕ್ಷಣವೇ ಅದರ ಇನ್ವರ್ಟರ್ ತಾನಾಗಿ ನಿಂತುಬಿಡುತ್ತದೆ, ಹೊರಗೆ ಸುಡುಬಿಸಿಲು ಇದ್ದರೂ ಸರಿಯೇ. ಇದು ದೋಷವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮನ್, ತಂತಿಯಲ್ಲಿ ಕರೆಂಟಿಲ್ಲವೆಂದು ನಂಬಿ ಕೈಯಿಡುತ್ತಾನೆ. ಆಗ ಯಾರದೋ ಮನೆಯ ತಾರಸಿಯಿಂದ ವಿದ್ಯುತ್ ಹರಿದುಬಂದರೆ ಅವನ ಪ್ರಾಣಕ್ಕೇ ಅಪಾಯ. ಕರೆಂಟು ಹೋದಾಗಲೂ ದೀಪ ಬೇಕೆನ್ನುವವರು ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಹಾಕಿಸಬೇಕು. ಅದಕ್ಕೆ ಖರ್ಚು ಬಹಳ ಹೆಚ್ಚು. ಬ್ಯಾಟರಿಯ ಆಯುಷ್ಯ ಫಲಕದ ಆಯುಷ್ಯಕ್ಕಿಂತ ತೀರ ಕಡಿಮೆ. ಈ ಮಾತನ್ನು ಮೊದಲೇ ತಿಳಿಯದೆ ಹಣ ಹಾಕಿದವರು ಮೊದಲ ಮಳೆಗಾಲದಲ್ಲೇ ನಿರಾಶರಾಗುತ್ತಾರೆ.

ಎರಡನೆಯದು: ಹೆಚ್ಚು ಫಲಕ ಹಾಕಿಸಿ ಸರ್ಕಾರಕ್ಕೆ ವಿದ್ಯುತ್ ಮಾರಿ ಸಂಪಾದಿಸಬಹುದು ಎಂಬುದು. ಒಂದು ಕಾಲದಲ್ಲಿ ಇದರಲ್ಲಿ ಸತ್ಯವಿತ್ತು. 2013ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ತಾರಸಿಯ ಸೌರವಿದ್ಯುತ್ತಿಗೆ ಯೂನಿಟ್‌ಗೆ 9.56 ರೂಪಾಯಿಯ ದರ ನಿಗದಿ ಮಾಡಿತ್ತು. ಆಗ ಫಲಕಗಳ ಬೆಲೆಯೂ ಹೆಚ್ಚಿತ್ತು. ಬೆಲೆ ಇಳಿದಂತೆ ದರವನ್ನೂ ಇಳಿಸುತ್ತ ಬರಲಾಯಿತು. ಇಂದು ಹೆಚ್ಚುವರಿ ಯೂನಿಟ್‌ಗೆ ಸಿಗುವ ಬೆಲೆ ನಾವು ಕೊಳ್ಳುವ ಯೂನಿಟ್‌ನ ಬೆಲೆಗಿಂತ ಬಹಳ ಕಡಿಮೆ. ನೆಟ್ ಮೀಟರ್ ಪದ್ಧತಿಯಲ್ಲಿ ಮನೆಯ ಬಳಕೆಗೆ ವಜಾ ಆಗುವ ಯೂನಿಟ್‌ಗೆ ಪೂರ್ತಿ ಬೆಲೆ, ಬಳಕೆಯನ್ನು ಮೀರಿದ ಯೂನಿಟ್‌ಗೆ ಅಲ್ಪ ಬೆಲೆ. ಆದುದರಿಂದ ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಕೂಡಿಸಿ, ಸರಾಸರಿ ತೆಗೆದು, ಅದಕ್ಕೆ ತಕ್ಕಷ್ಟೇ ಘಟಕ ಹಾಕಿಸುವುದು ವಿವೇಕ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ತಾರಸಿಗೂ ಸಲ್ಲುತ್ತದೆ.

ಹೆಚ್ಚುವರಿ ಯೂನಿಟ್‌ಗೆ ಬೆಲೆ ಕಡಿಮೆಯಾದುದರ ಹಿಂದೆ ಒಂದು ಕಾರಣವೂ ಇದೆ. 2025ರ ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 18,000 ಮೆಗಾವ್ಯಾಟ್ ದಾಟಿತು. ಹಗಲಿನಲ್ಲಿ ಸೌರವಿದ್ಯುತ್ ಹೇರಳವಾಗಿ ಸಿಗುತ್ತದೆ. ಸೂರ್ಯ ಮುಳುಗಿದ ಮೇಲೆ, ಮನೆಮನೆಯಲ್ಲಿ ದೀಪ ಹತ್ತುವ ಹೊತ್ತಿನಲ್ಲಿ, ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡಿತಿನಿಗಳ ಕಲ್ಲಿದ್ದಲು ಸ್ಥಾವರಗಳನ್ನೂ ಶರಾವತಿಯ ನೀರನ್ನೂ ನಾವು ನೆಚ್ಚಬೇಕಾಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟಾಗ ಜಲಾಶಯಗಳು ತುಂಬದೆ ಅಕ್ಟೋಬರ್‌ನಲ್ಲಿ ರಾಜ್ಯ ವಿದ್ಯುತ್ ಕೊರತೆಯನ್ನು ಅನುಭವಿಸಿದ್ದನ್ನು ರೈತರು ಮರೆತಿಲ್ಲ. ಹಗಲಿನ ಯೂನಿಟ್ ಮತ್ತು ಸಂಜೆಯ ಯೂನಿಟ್ ಎಣಿಕೆಯಲ್ಲಿ ಒಂದೇ ಆದರೂ ಬೆಲೆಯಲ್ಲಿ ಒಂದೇ ಅಲ್ಲ. ಸೋಲಾರ್ ಹಾಕಿಸಿದ ಮನೆಯವರು ಬಟ್ಟೆ ಒಗೆಯುವ ಯಂತ್ರ, ನೀರೆತ್ತುವ ಮೋಟರು, ಹಿಟ್ಟು ರುಬ್ಬುವ ಗ್ರೈಂಡರುಗಳನ್ನು ಹಗಲಿನಲ್ಲೇ ಬಳಸುವ ರೂಢಿ ಮಾಡಿಕೊಂಡರೆ ನಾಡಿನ ಜಾಲಕ್ಕೆ ಅದರಿಂದ ಉಪಕಾರವಿದೆ.

ತಾರಸಿ ಇಲ್ಲದವರ ಪಾಡು

ಸೂರ್ಯಘರ್ ಯೋಜನೆಯ ದೊಡ್ಡ ಮಿತಿ ಅದರ ಹೆಸರಿನಲ್ಲೇ ಇದೆ. ಅದಕ್ಕೆ ಸ್ವಂತ ಮನೆ ಬೇಕು, ಆ ಮನೆಗೆ ಗಟ್ಟಿ ಛಾವಣಿ ಬೇಕು. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆ, ಮಲೆನಾಡಿನ ಹಳೆಯ ಹಂಚಿನ ಮನೆ, ಕೂಲಿ ಕುಟುಂಬಗಳ ತಗಡಿನ ಮನೆಗಳಿಗೆ ಫಲಕಗಳ ಭಾರವನ್ನೂ ಗಾಳಿಯ ಒತ್ತಡವನ್ನೂ ತಡೆಯುವ ಶಕ್ತಿ ಇರುವುದಿಲ್ಲ. ಪಟ್ಟಣದಲ್ಲಿ ಬಾಡಿಗೆಗೆ ಇರುವವರ ಬಳಿ ಛಾವಣಿಯೇ ಇಲ್ಲ. ಗೃಹಜ್ಯೋತಿ ಇವರೆಲ್ಲರನ್ನೂ ತಲುಪುತ್ತದೆ, ಸೂರ್ಯಘರ್ ಇವರನ್ನು ತಲುಪುವುದಿಲ್ಲ. ಗೃಹಜ್ಯೋತಿಯನ್ನು ಹಳಿಯುವ ಮೊದಲು ಈ ಸತ್ಯವನ್ನು ಒಪ್ಪಿಕೊಳ್ಳಬೇಕು.

ಗಟ್ಟಿ ತಾರಸಿ ಇರುವ ಮನೆಗಳಿಗೂ ಹಳ್ಳಿಗಳಲ್ಲಿ ಒಂದು ತೊಡಕಿದೆ. ವಿದ್ಯುತ್ ಮೀಟರು ತೀರಿಹೋದ ತಂದೆಯ ಹೆಸರಿನಲ್ಲೋ ಅಜ್ಜನ ಹೆಸರಿನಲ್ಲೋ ಇರುತ್ತದೆ. ಅಣ್ಣತಮ್ಮಂದಿರ ನಡುವೆ ಪಾಲಾಗದ ಮನೆಯಾದರೆ ಯಾರ ಹೆಸರಿಗೆ ಮಾಡಿಸಬೇಕೆಂಬುದೇ ಜಗಳ. ಬಿಲ್ಲು ಕಟ್ಟುವಾಗ ಯಾರ ಹೆಸರಿದ್ದರೂ ನಡೆಯುತ್ತದೆ. ಸಹಾಯಧನ ಕೇಳುವಾಗ ಆರ್.ಆರ್. ಸಂಖ್ಯೆ ಯಾರ ಹೆಸರಿನಲ್ಲಿದೆ, ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿದೆ ಎಂಬುದು ಮುಖ್ಯವಾಗುತ್ತದೆ. ಸೋಲಾರ್ ಹಾಕಿಸಲಿ ಬಿಡಲಿ, ಮೀಟರಿನ ಹೆಸರು ವರ್ಗಾವಣೆಯನ್ನು ಈಗಲೇ ಮಾಡಿಸಿಕೊಳ್ಳುವುದು ಒಳಿತು. ಹಿರಿಯರು ಬದುಕಿರುವಾಗಲೇ, ಅಣ್ಣತಮ್ಮಂದಿರು ಕೂಡಿ ಕುಳಿತು ಈ ಕೆಲಸ ಮುಗಿಸಿದರೆ ಮನಸ್ತಾಪವೂ ತಪ್ಪುತ್ತದೆ.

ಎರಡು ಯೋಜನೆಗಳು ಕೂಡಿಬರಲು ದಾರಿ

ಮತ್ತೆ 70 ಯೂನಿಟ್‌ನ ಮನೆಗೆ ಬರೋಣ. ಯೂನಿಟ್‌ಗೆ ಆರು ರೂಪಾಯಿಯಂತೆ ಈ ಮನೆಗಾಗಿ ರಾಜ್ಯದ ಬೊಕ್ಕಸ ತಿಂಗಳಿಗೆ 420 ರೂಪಾಯಿ, ವರ್ಷಕ್ಕೆ 5,000 ರೂಪಾಯಿಯಷ್ಟು ಭರಿಸುತ್ತದೆ. ಈ ಮನೆಗೆ ಗಟ್ಟಿ ತಾರಸಿಯಿದ್ದು, ಒಂದು ಕಿಲೋವ್ಯಾಟ್ ಘಟಕಕ್ಕೆ 65,000 ರೂಪಾಯಿ ತಗಲುತ್ತದೆ ಎಂದು ಎಣಿಸಿರಿ. ಕೇಂದ್ರದ ಸಹಾಯಧನ 30,000 ರೂಪಾಯಿ ಕಳೆದರೆ ಉಳಿಯುವುದು 35,000 ರೂಪಾಯಿ. ಅಂದರೆ ಗೃಹಜ್ಯೋತಿಯ ಸುಮಾರು ಏಳು ವರ್ಷಗಳ ಹಣವನ್ನು ರಾಜ್ಯ ಒಮ್ಮೆಗೇ ತೊಡಗಿಸಿದರೆ ಆ ಬಡ ಮನೆಯ ಮೇಲೆ 25 ವರ್ಷ ಬಾಳುವ ವಿದ್ಯುತ್ ಘಟಕ ಬಂದು ಕೂರುತ್ತದೆ. ತಿಂಗಳಿಗೆ 70 ಯೂನಿಟ್ ಬಳಸುವ ಮನೆ 120 ಯೂನಿಟ್ ಉತ್ಪಾದಿಸುತ್ತದೆ.

ಈ ಲೆಕ್ಕ ಇಷ್ಟು ನೇರವಾಗಿಲ್ಲ ಎಂಬುದನ್ನೂ ಹೇಳಲೇಬೇಕು. ಬಡ ಮನೆಯ ಬಳಕೆ ಹೆಚ್ಚಾಗಿ ಸಂಜೆ ಮತ್ತು ರಾತ್ರಿಯದು. ಹಗಲಿನಲ್ಲಿ ಕೊಟ್ಟು ರಾತ್ರಿಯಲ್ಲಿ ಪಡೆಯುವ ಈ ವಿನಿಮಯದ ಭಾರವನ್ನು ವಿದ್ಯುತ್ ಸರಬರಾಜು ಕಂಪನಿಗಳು ಹೊರಬೇಕಾಗುತ್ತದೆ. ಹತ್ತು ವರ್ಷದ ಹೊತ್ತಿಗೆ ಇನ್ವರ್ಟರ್ ಬದಲಿಸುವ ಖರ್ಚು ಬರಬಹುದು. ಒಮ್ಮೆಗೇ ಏಳು ವರ್ಷದ ಹಣ ತೊಡಗಿಸುವುದು ಯಾವ ಸರ್ಕಾರಕ್ಕೂ ಸುಲಭವಲ್ಲ. ಆದರೂ ವರ್ಷವರ್ಷವೂ ಖರ್ಚಾಗಿ ಹೋಗುವ ಹಣದ ಒಂದು ಭಾಗವನ್ನು ಆಸ್ತಿಯಾಗಿ ನಿಲ್ಲಿಸುವ ಪ್ರಯತ್ನವನ್ನು ಕೆಲವು ತಾಲ್ಲೂಕುಗಳಲ್ಲಾದರೂ ಮಾಡಿ ನೋಡಬಹುದು.

ಇದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ. ಸೂರ್ಯಘರ್ ಯೋಜನೆಯಡಿ 2024ರ ಡಿಸೆಂಬರ್‌ನಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿಯು ವಿದ್ಯುತ್ ಕಂಪನಿಗಳೇ ಮನೆಯವರ ಪರವಾಗಿ ತಾರಸಿಯ ಮೇಲೆ ಘಟಕ ಅಳವಡಿಸಲು ಅವಕಾಶ ಕೊಟ್ಟಿದೆ. ಅದೇ ಯೋಜನೆಯಲ್ಲಿ ಪ್ರತಿ ಜಿಲ್ಲೆಗೊಂದು ಮಾದರಿ ಸೌರಗ್ರಾಮವನ್ನು ಆರಿಸಿ ಒಂದು ಕೋಟಿ ರೂಪಾಯಿ ನೆರವು ನೀಡುವ ಅಂಶವಿದೆ. ತಮ್ಮ ವ್ಯಾಪ್ತಿಯಲ್ಲಿ ಅಳವಡಿಕೆಯಾಗುವ ಪ್ರತಿ ಘಟಕಕ್ಕೆ ಗ್ರಾಮ ಪಂಚಾಯಿತಿ ಮತ್ತು ನಗರ ಸ್ಥಳೀಯ ಸಂಸ್ಥೆಗಳಿಗೆ 1,000 ರೂಪಾಯಿ ಪ್ರೋತ್ಸಾಹಧನವೂ ಇದೆ. ತಾರಸಿ ಇಲ್ಲದವರಿಗೆ ಊರಿನ ಪಂಚಾಯಿತಿ ಕಟ್ಟಡ, ಶಾಲೆ, ಸಮುದಾಯ ಭವನಗಳ ಮೇಲೆ ಸಾಮೂಹಿಕ ಘಟಕ ಹಾಕಿಸುವುದನ್ನೂ ಯೋಚಿಸಬಹುದು. ಗೃಹಜ್ಯೋತಿಯನ್ನು ಕಿತ್ತುಕೊಳ್ಳದೆ, ಒಪ್ಪಿ ಮುಂದೆ ಬಂದವರಿಗೆ ಮಾತ್ರ ಈ ಆಯ್ಕೆಯನ್ನು ಕೊಡಬೇಕು. ಬಡವರ ಕೈಯಲ್ಲಿರುವುದನ್ನು ತೆಗೆದುಕೊಂಡು ಬರಲಿರುವುದರ ಭರವಸೆ ಕೊಡುವುದು ನ್ಯಾಯವಾಗದು.

ನಮ್ಮ ಸಂಸ್ಥೆಗಳ ತಾರಸಿಗಳು

ಸಮಾಜದ ಹೊಣೆಯನ್ನೂ ಇಲ್ಲಿ ನೆನೆಯಬೇಕು. ನಾಡಿನ ಮಠಗಳು ಮತ್ತು ಸಂಘಸಂಸ್ಥೆಗಳು ನಡೆಸುವ ಶಾಲೆ, ಕಾಲೇಜು, ಪ್ರಸಾದನಿಲಯ, ಆಸ್ಪತ್ರೆ, ಕಲ್ಯಾಣ ಮಂಟಪಗಳ ತಾರಸಿಗಳು ವಿಶಾಲವಾಗಿವೆ. ಇವುಗಳಿಗೆ ಮನೆಗಳ ಸಹಾಯಧನ ದೊರೆಯುವುದಿಲ್ಲ. ಆದರೆ ಇವುಗಳಿಗೆ ಗೃಹಜ್ಯೋತಿಯೂ ಇಲ್ಲ, ಪ್ರತಿ ತಿಂಗಳೂ ಪೂರ್ತಿ ಬಿಲ್ಲು ಕಟ್ಟುತ್ತವೆ. ಶಾಲೆ, ಆಸ್ಪತ್ರೆಗಳ ಬಳಕೆ ಬಹುಪಾಲು ಹಗಲಿನದು, ಬಿಸಿಲಿರುವಾಗಿನದು. ಹಾಗಾಗಿ ಸೌರಘಟಕ ಇಲ್ಲಿ ತಕ್ಕ ಸ್ಥಾನದಲ್ಲಿದೆ. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಶಾಲೆಯ ಉತ್ಪಾದನೆ ಅಲ್ಪ ಬೆಲೆಗೆ ಜಾಲಕ್ಕೆ ಹೋಗುತ್ತದೆ ಎಂಬುದನ್ನು ಮಾತ್ರ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಊರಿನ ಮಕ್ಕಳು ತಮ್ಮ ಶಾಲೆಯ ಮೀಟರಿನಲ್ಲಿ ದಿನಕ್ಕೆಷ್ಟು ಯೂನಿಟ್ ಹುಟ್ಟಿತೆಂದು ಬರೆದಿಡುವುದು ಒಳ್ಳೆಯ ವಿಜ್ಞಾನ ಪಾಠವೂ ಆದೀತು. ತಾನು ದುಡಿದುದರಲ್ಲಿ ತನಗೆ ಬೇಕಾದಷ್ಟನ್ನು ಬಳಸಿ ಮಿಕ್ಕಿದ್ದನ್ನು ಸಮಾಜಕ್ಕೆ ಸಲ್ಲಿಸುವ ಕಾಯಕ-ದಾಸೋಹದ ಪಾಠ ಕಲಿತ ನಮಗೆ ಈ ವ್ಯವಸ್ಥೆ ಹೊಸದಾಗಿ ತೋರಬಾರದು.

ಹಾಕಿಸುವವರು ಗಮನಿಸಬೇಕಾದುದು

ಲೆಕ್ಕ ಹಾಕಿ ಲಾಭವೆಂದು ಕಂಡವರು ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ಅರ್ಜಿಯನ್ನು ಸೂರ್ಯಘರ್ ಯೋಜನೆಯ ರಾಷ್ಟ್ರೀಯ ಜಾಲತಾಣದಲ್ಲೇ, ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೆಸ್ಕಾಂ, ಸೆಸ್ಕ್ ಇವುಗಳಲ್ಲಿ ತಮ್ಮ ಕಂಪನಿಯನ್ನು ಆರಿಸಿ ಸಲ್ಲಿಸಬೇಕು. ಹತ್ತು ಕಿಲೋವ್ಯಾಟ್‌ವರೆಗಿನ ಘಟಕಕ್ಕೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆಯಿಂದ 2024ರ ನಿಯಮ ತಿದ್ದುಪಡಿ ವಿನಾಯಿತಿ ಕೊಟ್ಟಿದೆ. ಗೃಹಜ್ಯೋತಿಯ ಫಲಾನುಭವಿಗಳು ಅರ್ಜಿ ಹಾಕುವ ಮೊದಲು ತಮ್ಮ ಉಪವಿಭಾಗದ ಕಚೇರಿಗೆ ಹೋಗಿ, ಘಟಕ ಬಂದ ಮೇಲೆ ಬಿಲ್ಲು ಹೇಗೆ ಬರುತ್ತದೆಂದು ಕೇಳಿ ಬರೆಸಿಕೊಳ್ಳಬೇಕು.

ನೋಂದಾಯಿತ ಮಾರಾಟಗಾರರಲ್ಲಿ ಕನಿಷ್ಠ ಮೂವರಿಂದ ದರಪಟ್ಟಿ ಪಡೆಯಿರಿ. ಸಹಾಯಧನ ಸಿಗಬೇಕಾದರೆ ಫಲಕಗಳು ಭಾರತದಲ್ಲೇ ತಯಾರಾದವಾಗಿರಬೇಕು. ಇದನ್ನು ದರಪಟ್ಟಿಯಲ್ಲಿ ಬರೆಸಿರಿ. ಸಹಾಯಧನ ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಅದನ್ನು ತಾನೇ ತರಿಸಿಕೊಡುತ್ತೇನೆಂದು ಮುಂಗಡ ಕೇಳುವವರನ್ನು, ದೂರವಾಣಿಯಲ್ಲಿ ಒಟಿಪಿ ಕೇಳುವವರನ್ನು ನಂಬಬೇಡಿರಿ. ಮಾರಾಟಗಾರರು ಐದು ವರ್ಷ ನಿರ್ವಹಣೆ ಮಾಡಿಕೊಡಬೇಕೆಂಬುದು ನಿಯಮ. ಕರೆದರೆ ಬರುವಷ್ಟು ಹತ್ತಿರದಲ್ಲಿ ಅವರ ಅಂಗಡಿ ಇದೆಯೇ ಎಂದು ನೋಡುವುದು ಬೆಲೆಯಲ್ಲಿ ಎರಡು ಸಾವಿರ ಉಳಿಸುವುದಕ್ಕಿಂತ ಮುಖ್ಯ.

ಫಲಕಗಳು ದಕ್ಷಿಣಕ್ಕೆ ಮುಖ ಮಾಡಿರಬೇಕು. ನೀರಿನ ಟ್ಯಾಂಕು, ತೆಂಗಿನ ಮರ, ಪಕ್ಕದ ಮನೆಯ ಗೋಡೆಗಳ ನೆರಳು ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಬೀಳದಂತೆ ಇರಬೇಕು. ಒಂದು ಮೂಲೆಯ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ತಗ್ಗಿಸಬಲ್ಲದು. ಅರ್ಥಿಂಗ್ ಮತ್ತು ಸಿಡಿಲು ರಕ್ಷಕವನ್ನು ಖರ್ಚು ಉಳಿಸಲೆಂದು ಬಿಡಬೇಡಿರಿ. ಬಯಲುಸೀಮೆಯ ಧೂಳಿನಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ, ಬಿಸಿಲೇರುವ ಮೊದಲು, ಬರಿಯ ನೀರಿನಿಂದ ಫಲಕಗಳನ್ನು ಒರೆಸಬೇಕು. ಕಾದ ಗಾಜಿಗೆ ತಣ್ಣೀರು ಎರಚಬಾರದು.

ಕೊನೆಯದಾಗಿ, ಬಿಲ್ಲು ಶೂನ್ಯವಾಯಿತೆಂದು ದೀಪಗಳನ್ನು ಹಗಲಿನಲ್ಲೂ ಉರಿಸಿಬಿಡುವ ಅಭ್ಯಾಸ ಎರಡೂ ಯೋಜನೆಗಳ ಫಲವನ್ನು ಹಾಳುಮಾಡುತ್ತದೆ. ಉಚಿತವಾಗಿ ಬಂದ ಯೂನಿಟ್‌ಗೂ ಯಾರೋ ಬೆಲೆ ತೆತ್ತಿರುತ್ತಾರೆ. ತೆರಿಗೆ ಕಟ್ಟುವವರ ಹಣ, ಸ್ಥಾವರದ ಬೂದಿಯನ್ನು ಉಸಿರಾಡುವ ಊರುಗಳ ಆರೋಗ್ಯ, ಶರಾವತಿಯಲ್ಲಿ ಮುಳುಗಿದ ಮನೆಗಳ ನೆನಪು ಅದರಲ್ಲಿ ಸೇರಿವೆ. 250 ಯೂನಿಟ್ ಬಳಸಿ ಪೂರ್ತಿ ಬಿಲ್ಲು ಕಟ್ಟುತ್ತಿರುವ ಸದ್ಭಕ್ತರು ಈ ವಾರವೇ ಹಳೆಯ ಬಿಲ್ಲುಗಳನ್ನು ಹೊರತೆಗೆದು ಲೆಕ್ಕ ಹಾಕಲಿ. 70 ಯೂನಿಟ್ ಬಳಸುವವರು ಸಾಲಕ್ಕೆ ಕೈಹಾಕದೆ, ತಮ್ಮ ಗ್ರಾಮಸಭೆಯಲ್ಲಿ ಊರಿನ ಸಾಮೂಹಿಕ ಘಟಕದ ಬೇಡಿಕೆಯನ್ನು ಇಡಲಿ. ಸಂಸ್ಥೆಗಳನ್ನು ನಡೆಸುವವರು ತಮ್ಮ ತಾರಸಿಗಳನ್ನು ಒಮ್ಮೆ ಹತ್ತಿ ನೋಡಲಿ. ಅಲ್ಲಿ ಬಿಸಿಲು ವ್ಯರ್ಥವಾಗಿ ಬೀಳುತ್ತಿದೆ.